ಅಕ್ಕನಿಗೊಂದು ಕಿಡ್ನಿ

ಕಾಯಿಲೆ ಇದ್ದ ಮನೆಯಲ್ಲಿ ನಗುವಂಥದ್ದು ನಡೆಯುವುದಿಲ್ಲ ಅಂತೇನಿಲ್ಲ. ನಮ್ಮಲ್ಲಿ ನಡೆಯುತ್ತಲೇ ಇತ್ತು. ಎಂಬತ್ತರ ದಶಕದ ಮಾತು. ರಿಪ್ಪನ್‌ಪೇಟೆಗೆ ಮದುವೆಯಾಗಿ ಹೋಗಿದ್ದ ಅಕ್ಕನ ಎರಡೂ ಕಿಡ್ನಿ ಕೆಟ್ಟಿದ್ದವು. ಕುಡಿಯಲು ದಿನಕ್ಕೆ ಮೂರೇ ಲೋಟ ನೀರು. ಬೇರೆ ಕಿಡ್ನಿ ಸಿಕ್ಕರೆ ಉಳಿಯುತ್ತಾಳೆ ಎಂದಿದ್ದರು ಡಾಕ್ಟರು. ನಾನು ಬಿ.ಎಸ್ಸಿ. ಮುಗಿಸಿ ಸಾಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ.

೧

ಪಾಠಕ್ಕೆ ಕಿಡ್ನಿಯ ಮಾದರಿ ಬೇಕಿತ್ತು. ಗಂಧದ ಕೆತ್ತನೆ ಮಾಡುವ ಗುಡಿಗಾರರೊಬ್ಬರ ಬಳಿ ಹೋದೆ.

"ಉದ್ದ ಎಷ್ಟು?"

"ನಾಲ್ಕೂವರೆ ಇಂಚು."

"ಶಿವನೆ ಮರದಲ್ಲಿ ಮಾಡ್ಬಹುದು. ಯಾರಿಗೆ ಮೇಷ್ಟ್ರೇ?"

ಶಾಲೆಗೆ ಎನ್ನಬೇಕಿತ್ತು. "ಅಕ್ಕನಿಗೆ" ಎಂದುಬಿಟ್ಟೆ. ತಿದ್ದಲು ಮನಸ್ಸು ಬರಲಿಲ್ಲ.

ಅವರು ಉಳಿ ಕೆಳಗಿಟ್ಟರು. "ಒಳಗೆ ಎಂತ ಇರ್ತದೆ?"

"ರಕ್ತ ಸೋಸೋ ಜಾಲರಿ. ಕಣ್ಣಿಗೆ ಕಾಣದಷ್ಟು ಸಣ್ಣವು. ಹತ್ತು ಲಕ್ಷ."

ಮರದ ತುಂಡೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಹಾಗಾದ್ರೆ ದೀಪಾವಳಿ ಕಳೀಲಿ."

೨

ಹೊರದೇಶದಲ್ಲಿ ಮನುಷ್ಯನ ಚರ್ಮವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದಾರೆಂದು ಪತ್ರಿಕೆಯಲ್ಲಿ ಓದಿದೆ. ಶನಿವಾರವೇ ರಿಪ್ಪನ್‌ಪೇಟೆಯ ಬಸ್ಸು ಹತ್ತಿದೆ.

"ಮುಂದೆ ನಿನ್ನದೇ ಜೀವಕೋಶ ಬೆಳೆಸಿ, ಪದರದ ಮೇಲೆ ಪದರ ಕೂರಿಸಿ, ಕಿಡ್ನಿನೇ ಮಾಡ್ತಾರೆ ಅಕ್ಕ. ಯಾರನ್ನೂ ಬೇಡೋದು ಬೇಡ."

ಅಕ್ಕ ಖಾಲಿ ಲೋಟ ತಿರುಗಿಸುತ್ತಿದ್ದಳು. "ಮುಂದೆ ಅಂದ್ರೆ ಯಾವಾಗ?"

"ಹೇಳೋಕಾಗಲ್ಲ."

"ಅಂದಾಜು ಹೇಳು. ಬರೋ ವಾರನಾ, ಆಚೆ ವಾರನಾ?"

ಅವಳ ಮುಖ ನೋಡಿದೆ. "ಆಚೆ ವಾರ" ಎಂದೆ.

"ಮಂಗಳವಾರ ಮಾತ್ರ ಬೇಡ ಅನ್ನು."

೩

ಬಾವನ ರಕ್ತ ಹೊಂದಲಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ. ನನ್ನದು ಹೊಂದಿತು. ಅಕ್ಕ ಒಪ್ಪಲಿಲ್ಲ.

"ಮದುವೆ ಆಗದ ಹುಡುಗ. ಒಂದೇ ಕಿಡ್ನಿ ಅಂದ್ರೆ ಯಾರು ಹೆಣ್ಣು ಕೊಡ್ತಾರೆ?"

ಎರಡು ದಿನ ಊಟ ಬಿಟ್ಟು ಹಟ ಹಿಡಿದಳು. ನಾನು ಹೇಳಿದ್ದೊಂದೂ ನಾಟಲಿಲ್ಲ. ಕೊನೆಗೆ ಅವಳ ಅತ್ತೆ ಅಡಿಗೆಮನೆಯಿಂದಲೇ ಹೇಳಿದರು:

"ಎರಡಿದ್ದಾಗ ಯಾರು ಕೊಟ್ರು?"

ಅಕ್ಕ ಒಪ್ಪಿದಳು.

೪

ದೂರದೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕೆಲವು ದಿನದ ಮೇಲೆ ಡಾಕ್ಟರು, "ಇನ್ನು ಚೆನ್ನಾಗಿ ನೀರು ಕುಡೀರಿ" ಎಂದರು. ಅಕ್ಕ ಒಂದು ಚೊಂಬು ನೀರನ್ನು ನಿಲ್ಲಿಸದೆ ಕುಡಿದಳು. ಆಮೇಲೆ ಚೊಂಬನ್ನು ಮಡಿಲಲ್ಲಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಅವಳ ವಾರ್ಡಿಗೆ ಹೋದರೆ ಅವಳ ಕಣ್ಣು ಕೆಂಪಾಗಿತ್ತು.

"ನೋವಾ?"

"ನೋವೆಂತದೂ ಇಲ್ಲ. ನಿದ್ದೆ ಇಲ್ಲ. ಗಂಟೆಗೊಂದ್ಸಲ ಎಬ್ಬಿಸ್ತದೆ ಮಾರಾಯ, ನಿನ್ನ ಕಿಡ್ನಿ."

"ಹೊಸದರಲ್ಲಿ ಹಾಗೇ ಅಕ್ಕ."

"ಎಂತ ಹೊಸದು? ಚಿಕ್ಕೋನಿದ್ದಾಗ್ಲೂ ರಾತ್ರಿ ಎದ್ದು ನಿನ್ನ ಹಿತ್ತಲಿಗೆ ಕರ್ಕೊಂಡು ಹೋಗ್ತಿದ್ದೋಳು ನಾನೇ. ಈಗ್ಲೂ ನಾನೇ."