ಪಫ್ ಬಿಸಿ ಮಾಡಬೇಡಿ, ಮೇಲೆ ಆಂಟೆನಾ ಇದೆ

ಕಣ್ಣಿಗೆ ಕಾಣದ್ದನ್ನು ಹಿಡಿಯುವುದೇ ಕಸುಬಾದರೆ ದಿನಕ್ಕೊಮ್ಮೆಯಾದರೂ ನಗೆಪಾಟಲಾಗುವುದು ತಪ್ಪದು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಪುಲಿಕೇಶಿನಗರದ ಒಂದು ಬೇಕರಿಯ ಮೇಲೆ ನಮ್ಮ ಪುಟ್ಟ ಆಫೀಸಿತ್ತು. ಬೇಡದ ಸಿಗ್ನಲ್‌ಗಳನ್ನು ತಾನೇ ಅಳಿಸಿಹಾಕಿ, ಬೇಕಾದ ಕಡೆಗೆ ಮಾತ್ರ ಕಿವಿಗೊಡುವ ಆಂಟೆನಾ ಮಾಡುತ್ತಿದ್ದೆವು. ದುಡ್ಡು ಹಾಕುವವರು ಬಂದು ಒಪ್ಪಿದರೆ ಉಳಿಗಾಲ, ಇಲ್ಲದಿದ್ದರೆ ಬಾಗಿಲಿಗೆ ಬೀಗ.

ಮಾವನವರ ಕಿವಿ

ಈ ಆಂಟೆನಾದ ಗುಟ್ಟನ್ನು ಜೋಗುಪಾಳ್ಯದ ಅತ್ತೆಯವರಿಗೆ ಬಿಡಿಸಿ ಹೇಳಿದೆ. ಅವರಿಗೆ ಹೊಸದೇನೂ ಅನ್ನಿಸಲಿಲ್ಲ.

"ಇದಕ್ಕೆ ಇಷ್ಟೆಲ್ಲ ಓದ್ಬೇಕಾ ಅಳಿಯಂದ್ರೇ? ನಿಮ್ಮ ಮಾವ ಪೇಪರ್ ಹಿಡಿದ್ರೆ ರೇಷನ್ ತನ್ನಿ ಅಂದಿದ್ದು ಕೇಳ್ಸೋದೇ ಇಲ್ಲ. ಕಾಫಿ ಅಂದ್ರೆ ಮಾತ್ರ ಕೇಳ್ಸತ್ತೆ."

ಪೇಪರಿನ ಹಿಂದಿನಿಂದ ದನಿ ಬಂತು: "ಕಾಫಿ ಅಂದ್ಯಾ?"

ಬಿರಿಯಾನಿಯ ದಿಕ್ಕು

ಆಂಟೆನಾ ನಡೆಯುವವನನ್ನು ಹಿಂಬಾಲಿಸುತ್ತದೋ ನೋಡಲು, ಹೊಸದಾಗಿ ಸೇರಿದ್ದ ಎಂಜಿನಿಯರನ ಕೈಗೆ ಸಿಗ್ನಲ್ ಬಿಡುವ ಪೆಟ್ಟಿಗೆ ಕೊಟ್ಟು ಮಾಸ್ಕ್ ರೋಡಿಗೆ ಕಳಿಸಿದೆವು. ಅವನು ಹೋದತ್ತ ಪರದೆಯ ಮೇಲಿನ ಗೆರೆಯೂ ತಿರುಗುತ್ತಿತ್ತು. ನಮಗೆ ಹಿಗ್ಗೋ ಹಿಗ್ಗು. ಆಮೇಲೆ ಗೆರೆ ಬಿರಿಯಾನಿ ಹೋಟೆಲಿನ ಕಡೆ ನಿಂತದ್ದು ಅಲುಗಲೇ ಇಲ್ಲ. ಬಾಸ್ ಫೋನ್ ಮಾಡಿ ಎಲ್ಲಿದ್ದೀಯ ಎಂದರು. ಚರ್ಚ್ ದಾಟಿ ನಡೀತಾನೇ ಇದ್ದೀನಿ ಸಾರ್ ಎಂದ.

"ನಡಿ, ನಡಿ. ಬರ್ತಾ ನನಗೂ ಒಂದು ಪಾರ್ಸಲ್ ತಗೊಂಡ್ಬಾ," ಎಂದರು ಬಾಸ್.

ಭಾಯ್ ಕಾಪಾಡಿದ ಮರ್ಯಾದೆ

ಕೆಳಗಿನ ಬೇಕರಿ ಭಾಯ್ ಮೈಕ್ರೋವೇವಿನಲ್ಲಿ ಪಫ್ ಬಿಸಿ ಮಾಡಿದಾಗಲೆಲ್ಲ ನಮ್ಮ ಸಿಗ್ನಲ್ ಕೆಡುತ್ತಿತ್ತು. ತಿಂಗಳುಗಟ್ಟಲೆ ಕಾಡಿ ಬೇಡಿ ಅದನ್ನು ಆಫ್ ಮಾಡಿಸುತ್ತಿದ್ದೆವು. ಕೊನೆಗೊಮ್ಮೆ ನಮ್ಮ ಆಂಟೆನಾ ಆ ಕಾಟವನ್ನೂ ಅಳಿಸಲು ಕಲಿಯಿತು. ಅದನ್ನೇ ತೋರಿಸೋಣವೆಂದು ದುಡ್ಡು ಹಾಕುವವರನ್ನು ಕರೆದೆವು. ನಾನು ಎಲ್ಲರಿಗೂ ಬಿಸಿ ಪಫ್ ಹೇಳಿಬಂದೆ.

ಕೆಳಗೆ ಈಗ ಮೈಕ್ರೋವೇವ್ ಓಡುತ್ತಿದೆ, ನೋಡಿ ಎಂದರು ಬಾಸ್. ಆಂಟೆನಾ ಹಿಡಿದು ಪರದೆಗೆ ತರುತ್ತಿದ್ದ ಚಿತ್ರ ಒಂದಿಷ್ಟೂ ಕದಲಲಿಲ್ಲ. ಬಂದವರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಹೊಗೆಯಾಡುವ ಪಫ್ ಹಿಡಿದು ಭಾಯ್ ತಾನೇ ಮೇಲೆ ಬಂದ.

"ಬೆಳಗ್ಗೆಯಿಂದ ಮೈಕ್ರೋವೇವ್ ಮುಟ್ಟೇ ಇಲ್ಲ ಸಾಬ್. ಇವರ ಮಶೀನ್‌ಗೆ ಅದು ಆಗಲ್ಲ. ದೊಡ್ಡೋರು ಬಂದಿದ್ದಾರೆ, ಮರ್ಯಾದೆ ಹೋಗ್ಬಾರ್ದು ಅಂತ ಭಟ್ಟಿಗೆ ಮತ್ತೆ ಬೆಂಕಿ ಹಾಕಿ ಬಿಸಿ ಮಾಡ್ದೆ."

ಚಪ್ಪಾಳೆ ಅರ್ಧಕ್ಕೇ ನಿಂತಿತು. ಬಾಸ್ ಮುಖ ಇಂಗು ತಿಂದ ಮಂಗನಂತಾಯಿತು. ಬಂದವರಲ್ಲಿ ಹಿರಿಯರೊಬ್ಬರು, ಹಾಗಾದರೆ ಈಗ ಆನ್ ಮಾಡಿಸಿ ಎಂದರು. ಭಾಯ್ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿ, ಕೆಳಗಿದ್ದ ತಮ್ಮನಿಗೆ ಕೂಗಿ ಹೇಳಿದ.

ಚಿತ್ರ ಒಮ್ಮೆ ನಡುಗಿತು. ಮರುಕ್ಷಣವೇ ಚಿತ್ರ ಸರಿಹೋಗಿ ಹಾಗೇ ನಿಂತಿತು. ಹಿರಿಯರು ನಕ್ಕು ಬಾಸ್ ಕೈ ಕುಲುಕಿದರು. ಆಫೀಸು ಉಳಿಯಿತು, ನನಗೆ ಕುಣಿಯುವಷ್ಟು ಖುಷಿ.

ಭಾಯ್ ಮಾತ್ರ ಪರದೆಯನ್ನು ದಿಟ್ಟಿಸಿ ನೋಡಿ, ನನ್ನತ್ತ ತಿರುಗಿದ.

"ಹಾಗಾದ್ರೆ ಬೆಳಗ್ಗೆಯಿಂದ ನನ್ನ ಗಿರಾಕಿಗಳೆಲ್ಲ ತಣ್ಣಗಿರೋ ಪಫ್ ತಿಂದಿದ್ದು ಯಾಕೆ ಸಾಬ್?"