ಮೂವತ್ತೆಂಟನೆಯ ಭಾಗ

ತಾನು ಸಭ್ಯಸ್ಥನೆಂದು ಒಬ್ಬ ಮನುಷ್ಯ ತಾನೇ ಹೇಳಿಕೊಳ್ಳತೊಡಗಿದರೆ ಅವನ ಉದ್ಯೋಗವೇನೆಂದು ವಿಚಾರಿಸುವುದು ಒಳ್ಳೆಯದು. ನಾನು ಸಭ್ಯಸ್ಥ. ಉದ್ಯೋಗ, ಅಮೆರಿಕದ ಕ್ಯಾನ್ಯನ್ ಪಾರ್ಕ್ ಎಂಬಲ್ಲಿನ ಒಂದು ಸಣ್ಣ ಆಫೀಸಿನಲ್ಲಿ ವಯಸ್ಕರ ಚಿತ್ರಗಳ ಕ್ಯಾಟಲಾಗ್ ನೋಡಿಕೊಳ್ಳುವುದು. ನೋಡಿಕೊಳ್ಳುವುದೆಂದರೆ ಚಿತ್ರ ನೋಡುವುದಲ್ಲ. ಯಾವ ಚಿತ್ರ ಯಾವ ಸರಣಿಯ ಎಷ್ಟನೆಯ ಭಾಗವೆಂದು ಡೇಟಾಬೇಸಿನಲ್ಲಿ ಸರಿಯಾಗಿ ಕೂರಿಸುವುದು. ಈ ಮಾತನ್ನು ನನ್ನ ಹೆಂಡತಿ ಸುಧಾ ನಂಬಿದ್ದಾಳೆ, ಅಥವಾ ನಂಬಿದವಳ ಹಾಗೆ ಇದ್ದಾಳೆ.

ಈ ಉದ್ಯಮಕ್ಕೆ ಸರಣಿಗಳೇ ಬೆನ್ನೆಲುಬು. ನಟರು ಬದಲಾಗುತ್ತಾರೆ, ನಿರ್ದೇಶಕ ನಿವೃತ್ತನಾಗುತ್ತಾನೆ, ಕಂಪನಿಯೇ ಕೈ ಬದಲಾಗುತ್ತದೆ. ಹೆಸರು ಮಾತ್ರ ಅಲ್ಲಾಡುವುದಿಲ್ಲ. ನಮ್ಮಲ್ಲೊಂದು ಸರಣಿ ಮೂವತ್ತೆಂಟನೆಯ ಭಾಗಕ್ಕೆ ಬಂದಿದೆ. ಕತೆ ಎಲ್ಲಿಗೆ ಬಂತೆಂದು ಕೇಳಬೇಡಿ, ಅದಿನ್ನೂ ಶುರುವೇ ಆಗಿಲ್ಲ. ಹಾಗಿದ್ದರೆ ಇಷ್ಟು ಭಾಗ ಯಾಕೆಂದು ನಮ್ಮ ಮ್ಯಾನೇಜರನ್ನು ಕೇಳಿದ್ದೆ. ಸಾವಿರ ಅಪರಿಚಿತ ಹೆಸರುಗಳ ನಡುವೆ ಗಿರಾಕಿ ಗೊತ್ತಿರುವ ಹೆಸರನ್ನೇ ಒತ್ತುತ್ತಾನೆ, ಏನು ಸಿಗುತ್ತದೆಂದು ಮೊದಲೇ ತಿಳಿದಿರುವುದೇ ಅವನಿಗೆ ಸಮಾಧಾನ ಎಂದರು. ನನಗೆ ನಗು ಬಂತು. ಅದೇ ಮಧ್ಯಾಹ್ನ ಹೋಟೆಲಿನಲ್ಲಿ ನಾಲ್ಕು ಪುಟದ ಮೆನು ಪೂರ್ತಿ ಓದಿ, ಎಂದಿನಂತೆ ಮಸಾಲೆ ದೋಸೆ ಹೇಳಿದೆ.

ತೊಂದರೆ ಶುರುವಾದದ್ದು ಮೈಸೂರಿನಿಂದ ಮಾವ ಬಂದ ಮೇಲೆ. ಅವರು ನಿವೃತ್ತ ಲೈಬ್ರರಿಯನ್. ಇಲ್ಲಿಗೆ ಬರುವ ನಮ್ಮ ಹಿರಿಯರಿಗೆ ಒಂದು ಶಾಸ್ತ್ರವಿದೆ: ಮಗನದೋ ಅಳಿಯನದೋ ಆಫೀಸಿನ ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಊರಿನವರಿಗೆಲ್ಲ ಕಳಿಸುವುದು. ಪಕ್ಕದ ಮನೆಯವರ ತಂದೆ ರೆಡ್ಮಂಡಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯ ಬೋರ್ಡಿನ ಮುಂದೆ ಸ್ವೆಟರ್ ಹಾಕಿ ನಿಂತ ಫೋಟೊ ಮಾವನಿಗೂ ಬಂತು. ನಮ್ಮ ಆಫೀಸಿಗೋ ಬೋರ್ಡೇ ಇಲ್ಲ. ಕೆಲಸ ನಿಮ್ಮದು, ನೀವೇ ಹೇಳಿಕೊಳ್ಳಿ ಎಂದು ಸುಧಾ ಕೈ ತೊಳೆದುಕೊಂಡಳು. ಮಾವನ ಮುಂದೆ ಮರ್ಯಾದೆ ಹೋದೀತೆಂದು ನನಗೆ ನಿಜವಾಗಿಯೂ ಭಯವಿತ್ತು. ಧಾರಾವಾಹಿಗಳ ಕ್ಯಾಟಲಾಗ್ ಮಾಡುತ್ತೇನೆಂದುಬಿಟ್ಟೆ. ಅವರಿಗೆ ಉತ್ಸಾಹ ಬಂತು. ಎಷ್ಟು ಭಾಗ, ಕತೆ ಏನು, ಮನೆಮಂದಿಯೆಲ್ಲ ಕೂತು ನೋಡಬಹುದೇ ಎಂದು ದಿನಾ ಕಾಫಿಯ ಹೊತ್ತಿಗೆ ವಿಚಾರಣೆ. ಕೊನೆಯ ಪ್ರಶ್ನೆಗೆ ಪ್ರತಿಸಲವೂ ನನಗೆ ಕೆಮ್ಮು ಬರುತ್ತಿತ್ತು.

ಕೊನೆಗೆ ಒಂದು ಶನಿವಾರ, ಆಫೀಸು ಮುಚ್ಚಿರುತ್ತದೆಂಬ ಧೈರ್ಯದ ಮೇಲೆ ಅವರನ್ನು ಕರೆದುಕೊಂಡು ಹೋದೆ. ಬಾಗಿಲ ಮೇಲೆ ಬರೀ ಒಂದು ನಂಬರು. ಮಾವ ಅದರ ಪಕ್ಕ ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತರು. ನಾನು ಫೋನ್ ಎತ್ತಿ ಹಿಡಿದಾಗ ಅವರೇ ಮಾತು ತೆಗೆದರು.

“ಅಳಿಯಂದಿರೇ, ನಮ್ ಲೈಬ್ರರೀಲೂ ಇಂಥದ್ದೊಂದು ಬೀರು ಇತ್ತು. ಮೇಲೆ ಹೆಸರು ಇರ್ಲಿಲ್ಲ, ಬರೀ ನಂಬರು. ಬೀಗದ ಕೈ ನನ್ ಹತ್ರಾನೇ ಇರ್ತಿತ್ತು.”

ನನ್ನ ಕೈ ತಾನಾಗಿಯೇ ಕೆಳಗಿಳಿಯಿತು. ಯಾವಾಗ ಗೊತ್ತಾಯಿತೆಂದು ಕೇಳಿದೆ.

“ಮದುವೆ ಮಾತುಕತೇಲಿ ಬ್ಯಾಂಕ್ ಸಾಫ್ಟ್‌ವೇರ್ ಅಂದ್ರಿ. ಆಮೇಲೆ ಮಕ್ಕಳ ಕಾರ್ಟೂನ್ ಅಂದ್ರಿ. ಈಗ ಧಾರಾವಾಹಿ. ಎರಡನೇ ಭಾಗಕ್ಕೇ ಅನುಮಾನ ಬಂತು.”

ಹಾಗಿದ್ದರೆ ದಿನಾ ಯಾಕೆ ಕೇಳುತ್ತಿದ್ದಿರಿ ಎಂದೆ.

“ಕತೆ ಗೊತ್ತಿದ್ರೂ, ಮುಂದಿನ ಭಾಗ ಹೇಗೆ ಹೇಳ್ತೀರೋ ನೋಡೋಣ ಅಂತ ಚಪಲ.”

ಫೋಟೊ ತೆಗೆದೆ. ಕೆಳಗೆ ಏನು ಬರೆಯುವುದೆಂದು ನಾನು ತಡವರಿಸುತ್ತಿದ್ದಾಗ, ನಾಲ್ಕನೇ ಭಾಗ ತಮಗೆ ಬಿಡಿ ಎಂದು ಮಾವ ಫೋನ್ ಇಸಿದುಕೊಂಡರು. ಅಳಿಯ ಅಮೆರಿಕದ ದೊಡ್ಡದೊಂದು ಲೈಬ್ರರಿಯಲ್ಲಿದ್ದಾರೆ ಎಂದು ಬರೆದು ಊರಿಗೆಲ್ಲ ಕಳಿಸಿದರು. ಅದನ್ನು ಓದಿದಾಗ ನನಗೂ ನನ್ನ ಮೇಲೆ ಸ್ವಲ್ಪ ಗೌರವ ಬಂತು.