ಕೆರೆ ಕಾಣಲಿಲ್ಲ ಎಂದು ನಾನು ಸಹಿ ಹಾಕಿದ್ದು

ನಮ್ಮೂರ ಕೆರೆಯನ್ನು ಕಳೆದವರು ಸರ್ವೆಯವರಲ್ಲ. ಚೇರ್ಮನ್ ಚಿಕ್ಕಣ್ಣನೂ ಅಲ್ಲ. ನಾನು. ಮಟಮಟ ಮಧ್ಯಾಹ್ನ, ಊರವರೆಲ್ಲರ ಎದುರಿಗೆ, ಕನ್ನಡಕ ಹಾಕಿಕೊಂಡು ಕಳೆದೆ!

ನಮ್ಮ ಹೊರಕೋಣೆಗೆ ಒಬ್ಬ ಮೇಷ್ಟ್ರು ಬಾಡಿಗೆಗೆ ಬಂದಿದ್ದರು, ಊಟವೂ ನಮ್ಮಲ್ಲೇ. ಬೆಂಗಳೂರಿನ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳುವವರು. ಸಂಜೆ ಯಲಹಂಕದ ಬಸ್ಸಿಳಿದು, ಕೆರೆ ಏರಿಯ ಮೇಲೆ ಏನೋ ಕಳೆದುಕೊಂಡವರ ಹಾಗೆ ನಡೆದು ಬರುತ್ತಿದ್ದರು. ಒಂದು ಭಾನುವಾರ ನಾನು ಜಗಲಿಯಲ್ಲಿ ರಾಗಿ ಕೇರುತ್ತಿದ್ದಾಗ ಪಕ್ಕದಲ್ಲಿ ಕೂತು ಜರ್ಮನಿ ದೇಶದ ಒಂದು ವಿದ್ಯೆ ಹೇಳಿದರು. ಅದರ ಹೆಸರು ಎಷ್ಟು ಉದ್ದ ಅಂದರೆ, ಹೇಳಿ ಮುಗಿಸೋದರೊಳಗೆ ಒಲೆ ಮೇಲಿನ ಅನ್ನ ಸೀದುಹೋಯಿತು.

"ಅಜ್ಜಿ, ನಾವು ಯಾವುದನ್ನೂ ನೋಡೋದೇ ಇಲ್ಲ. ನಮಗೆ ಗೊತ್ತಿರೋದನ್ನ ಅದರ ಮೇಲೆ ಹೊದಿಸಿಬಿಡ್ತೀವಿ. ದೇವರಾಗಲಿ, ನೆಲ-ನೀರಾಗಲಿ, ಸರ್ಕಾರವಾಗಲಿ, ಗೊತ್ತಿರೋದನ್ನೆಲ್ಲ ಮೊದಲು ಪಕ್ಕಕ್ಕಿಡಬೇಕು. ಆಮೇಲೆ ಏನು ಕಾಣುತ್ತೋ ಅದನ್ನ ಮಾತ್ರ ಹೇಳಬೇಕು."

"ಇಷ್ಟೇನಾ? ಇದಕ್ಕೆ ಕಾಲೇಜು ಬೇಕಾ?"

"ಬಹಳ ಕಷ್ಟ ಅಜ್ಜಿ. ಎಲ್ಲರ ಕೈಲೂ ಆಗಲ್ಲ."

ಆಗಲ್ಲ ಅಂದಿದ್ದೇ ತಪ್ಪಾಯಿತು. ನಾಲ್ಕನೇ ಕ್ಲಾಸಿಗೇ ನನ್ನನ್ನು ಸ್ಕೂಲು ಬಿಡಿಸಿದ ನಮ್ಮಪ್ಪನ ಮೇಲಿನ ಸಿಟ್ಟೆಲ್ಲ ಈ ವಿದ್ಯೆಯ ಮೇಲೆ ತೀರಿಸಿಕೊಳ್ಳೋಣ ಅಂತ ಹೊರಟೆ.

ಮೊದಲು ದೇವರು. ಮಂಗಳವಾರ ಏರಿ ಮೇಲಿನ ಗಂಗಮ್ಮನಿಗೆ ದೀಪ ಹಚ್ಚಲು ಎಣ್ಣೆ ಗಿಂಡಿ ಹಿಡಿದು ಹೋದೆ. ಗೊತ್ತಿದ್ದದ್ದನ್ನು ಪಕ್ಕಕ್ಕಿಟ್ಟು ನೋಡಿದೆ. ಒಂದು ಕಲ್ಲು. ಅದರ ಮೇಲೆ ಜಿಡ್ಡು. ಒಂದು ಸಾಲು ಇರುವೆ. ಅಮ್ಮ ಕಾಣಲಿಲ್ಲ. ಕಾಣದವಳಿಗೆ ಎಣ್ಣೆ ಯಾಕೆ? ವಾಪಸ್ಸು ತಂದು ಸಾರಿಗೆ ಒಗ್ಗರಣೆ ಹಾಕಿಬಿಟ್ಟೆ.

"ಅತ್ತೆ, ಅದು ದೀಪದ ಎಣ್ಣೆ!" ಅಂತ ಸೊಸೆ ಜಯಮ್ಮ ಬಾಯಿ ಬಡಿದುಕೊಂಡಳು.

"ಅದು ನಿನಗೆ ಗೊತ್ತಿರೋದು. ಕಾಣೋದು ಹೇಳು. ಗಿಂಡಿ, ಅದರಲ್ಲಿ ಎಣ್ಣೆ. ಅಷ್ಟೇ."

ಅದು ಹರಳೆಣ್ಣೆ ಅನ್ನೋದು ನಾನು ಪಕ್ಕಕ್ಕಿಟ್ಟಿದ್ದರ ಪೈಕಿ ಇತ್ತು! ಊಟವಾಗಿ ಗಳಿಗೆ ಕಳೆಯಲಿಲ್ಲ, ಮನೆಮಂದಿಯೆಲ್ಲ ಚೊಂಬು ಹಿಡಿದು ಓಡಿದರು. ಎಲ್ಲರಿಗಿಂತ ಮುಂದೆ ಮೇಷ್ಟ್ರು. ನಾನು ಆ ಹೊತ್ತಿಗೇ ನಿಲ್ಲಿಸಬೇಕಿತ್ತು. ಹೊಸ ವಿದ್ಯೆ, ಮೊದಮೊದಲು ಹೀಗೇ ಅಂದುಕೊಂಡೆ.

ಆಮೇಲೆ ರಾಜಕೀಯ. ಚೇರ್ಮನ್ ಚಿಕ್ಕಣ್ಣ ಓಟು ಕೇಳಲು ಬಂದ. ಅವನ ಬಗ್ಗೆ ಗೊತ್ತಿದ್ದದ್ದು ಬೇಕಾದಷ್ಟಿತ್ತು. ಪಕ್ಕಕ್ಕಿಡಲು ಜಗಲಿ ಸಾಲದು. ಆದರೂ ಇಟ್ಟೆ. ಕಂಡದ್ದು ಇಷ್ಟು: ಗಂಜಿ ಹಾಕಿದ ಜುಬ್ಬ, ಎಲೆಅಡಿಕೆಯ ಹಲ್ಲು, ಮುಗಿದ ಕೈ ನನ್ನ ಕಡೆ, ಕಣ್ಣು ಮಾತ್ರ ಕೆರೆಯ ಕಡೆ. ಭೇಷ್, ಎಂಥಾ ಸೂಕ್ಷ್ಮ ನೋಟ ನನ್ನದು! ಕಣ್ಣು ಕೆರೆ ಕಡೆ ಯಾಕೆ ಅಂತ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಲು ಗೊತ್ತಿರೋದು ಬೇಕಿತ್ತು. ಅದೆಲ್ಲ ಪಕ್ಕದಲ್ಲಿತ್ತು.

ಜಾಲಹಳ್ಳಿ ಕಡೆ ಫ್ಯಾಕ್ಟರಿಗಳು ಎದ್ದ ಮೇಲೆ ನಮ್ಮ ನೆಲಕ್ಕೂ ಬೆಲೆ ಬಂದಿತ್ತು. ಕೆರೆಗೆ ನೀರು ತರುವ ಕಾಲುವೆ ಹೂತುಹೋಗಿ ಎರಡು ವರ್ಷದಿಂದ ಕೆರೆ ತುಂಬಿರಲಿಲ್ಲ. ಇದು ಕೆರೆಯೇ ಅಲ್ಲ, ಬರೀ ಬಯಲು, ಸೈಟು ಮಾಡಬಹುದು ಅಂತ ಚಿಕ್ಕಣ್ಣ ಅರ್ಜಿ ಕೊಟ್ಟಿದ್ದ. ಬಿಸಿಲುಗಾಲದಲ್ಲಿ ಸರ್ವೆಯವರು ಬಂದರು. ಕೆರೆ ಕೆಳಗಿನ ಗದ್ದೆಯವರೆಲ್ಲ ನನ್ನನ್ನು ಕರೆಸಿದರು. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ಕೆಲಸ ನಮ್ಮ ಯಜಮಾನರದು. ಅವರು ಹೋದ ಮೇಲೆ ಆ ಕೆರೆಯನ್ನು ನನ್ನಷ್ಟು ಬಲ್ಲವರು ಊರಲ್ಲಿ ಇರಲಿಲ್ಲ.

"ಅಜ್ಜಿ ಒಂದು ಮಾತು ಏಳಿದ್ರೆ ಸಾಕು ಸ್ವಾಮಿ," ಅಂದರು ಎಲ್ಲರೂ.

"ಹೇಳಿ ತಾಯಿ, ಇದು ಕೆರೆನಾ?" ಅಂದರು ಸರ್ವೆಯವರು.

ಹೂಂ ಅಂದಿದ್ದರೆ ಮುಗಿದಿತ್ತು. ಆದರೆ ಹೊಂಗೆಮರದ ಕೆಳಗೆ ಮೇಷ್ಟ್ರು ನಿಂತಿದ್ದರು! ಎಲ್ಲರ ಕೈಲೂ ಆಗಲ್ಲ ಅಂದಿದ್ದರಲ್ಲ? ಕನ್ನಡಕ ಒರೆಸಿ ಹಾಕಿಕೊಂಡೆ. ಐವತ್ತು ವರ್ಷ ಕುಡಿದ ನೀರನ್ನು ಪಕ್ಕಕ್ಕಿಟ್ಟೆ.

"ಕೆರೆ ಅನ್ನೋದು ಹೆಸರು ಸ್ವಾಮಿ. ನನಗೆ ಕಾಣೋದನ್ನ ಹೇಳ್ತೀನಿ. ಬಿರುಕು ಬಿಟ್ಟ ನೆಲ. ಮೂರು ದನ, ಒಂದು ಕತ್ತೆ. ನೀರು ಕಾಣ್ತಿಲ್ಲ."

ಚಿಕ್ಕಣ್ಣ ನನ್ನ ಕಾಲು ಮುಟ್ಟಲು ಬಂದ. ಸರ್ವೆಯವರು ಬರೆದು ಓದಿದರು: "ಸದರಿ ಸ್ಥಳವನ್ನು ಖುದ್ದು ಪರಾಂಬರಿಸಲಾಗಿ, ಕೆರೆಯೆಂಬುದಕ್ಕೆ ಯಾವ ಕುರುಹೂ ಗ್ರಾಮದ ಹಿರಿಯರಾದ ಸಾಕ್ಷಿದಾರರ ಕಣ್ಣಿಗೆ ಬಿದ್ದಿರುವುದಿಲ್ಲ."

ಹೆಬ್ಬೆಟ್ಟಿಗೆ ಮಸಿ ಕೊಡಲು ಬಂದರು. ಹೆಬ್ಬೆಟ್ಟು ಯಾಕೆ? ನನಗೆ ಸಹಿ ಬರುತ್ತದೆ! ಒಂದೊಂದೇ ಅಕ್ಷರ ತಿದ್ದಿ, ಕೆಳಗೆ ಗೆರೆ ಬೇರೆ ಎಳೆದೆ.

ದಾರಿಯಲ್ಲಿ ಊರವರೆಲ್ಲ ನನ್ನನ್ನು ಬಿಟ್ಟು ಮುಂದೆ ಹೋದರು. ಮೇಷ್ಟ್ರು ಮಾತ್ರ ಬೆವರುತ್ತಾ ಓಡಿಬಂದರು.

"ಏನಜ್ಜಿ ಮಾಡಿಬಿಟ್ರಿ! ಬತ್ತಿದ ಕೆರೆ ಬಯಲಾಗಿ ಕಾಣಲ್ಲ, ಬತ್ತಿದ ಕೆರೆಯಾಗೇ ಕಾಣುತ್ತೆ. ನೀರಿಲ್ಲವಲ್ಲ ಅಂತ ನಿಮ್ಮ ಹೊಟ್ಟೆ ಉರಿಯುತ್ತಲ್ಲ, ಅದೂ ಕಾಣೋದರಲ್ಲೇ ಸೇರಿದೆ!"

"ಇದನ್ನ ಆವತ್ತೇ ಬೊಗಳೋಕೆ ಏನಾಗಿತ್ತು?"

"ಅದು ಎರಡನೇ ಪಾಠ ಅಜ್ಜಿ. ಮುಂದಿನ ಭಾನುವಾರಕ್ಕೆ ಇಟ್ಟಿದ್ದೆ."

ಇಬ್ಬರೂ ವಾಪಸ್ಸು ಓಡಿದೆವು. ಸರ್ವೆಯವರು ಆಗಲೇ ಜೀಪು ಹತ್ತಿದ್ದರು. ಆ ಕೆರೆಯ ಆಳ, ತೂಬು, ಕೋಡಿ ಹರಿದ ವರ್ಷಗಳು, ಎಲ್ಲ ಒಂದೇ ಉಸಿರಿಗೆ ಒದರಿದೆ.

"ಅದು ನಿಮಗೆ ಗೊತ್ತಿರೋದು ತಾಯಿ. ಕಂಡದ್ದನ್ನ ಬರ್ಕೊಂಡಿದ್ದೀನಿ," ಅಂದರು ಆ ಪುಣ್ಯಾತ್ಮ. ಯಾವ ಕಾಲೇಜಿಗೂ ಹೋಗದೆ ಅವರಿಗೆ ವಿದ್ಯೆ ಬಂದಿತ್ತು! "ಮಳೆಗಾಲ ಕಳೆದ ಮೇಲೆ ಇನ್ನೊಂದು ಸಲ ಬರ್ತೀವಿ. ನೀರು ಕಂಡರೆ ಅದನ್ನೂ ಬರೆಯೋಣ. ಕಾಣದಿದ್ರೆ ಇದೇ ಕಾಯಂ."

ಮಾರನೇ ಬೆಳಗ್ಗೆ ಎದ್ದವಳೇ ಮೊದಲು ಗಂಗಮ್ಮನಿಗೆ ದೀಪ ಹಚ್ಚಿದೆ. ಹರಳೆಣ್ಣೆಯಲ್ಲೇ. ಆಮೇಲೆ ಗುದ್ದಲಿ, ಮಂಕರಿ ಹಿಡಿದು ಹೂತುಹೋದ ಕಾಲುವೆಗೆ ಇಳಿದೆ. ಮೇಷ್ಟ್ರೂ ಪಂಚೆ ಎತ್ತಿ ಕಟ್ಟಿ ಬಂದರು. ಗುದ್ದಲಿಯ ಯಾವ ಕಡೆ ಹಿಡಿಯಬೇಕು ಅನ್ನೋದೇ ಅವರಿಗೆ ಮೊದಲನೇ ಪಾಠವಾಯಿತು. ಬಿಸಿಲು ಏರೋ ಹೊತ್ತಿಗೆ ನಾಲ್ಕು ಮಾರು ತೋಡಿದ್ದೆವು. ಉಳಿದದ್ದು ಅರ್ಧ ಮೈಲಿ.

ಚಿಕ್ಕಣ್ಣ ಸೈಕಲ್ ನಿಲ್ಲಿಸಿ, "ಅದೇನಜ್ಜಿ, ಬೆಳಗ್ಗೇನೇ ಇಂಗೆ?" ಅಂದ.

"ನಿನಗೇನು ಕಾಣ್ತದೆ, ಹೇಳು."

"ಕಾಣೋದೇನು, ತಲೆ ಕೆಟ್ಟ ಮುದುಕಿ ಒಬ್ಬಳು ಮಣ್ಣು ಒರ್ತಾ ಅವಳೆ."

"ಸರಿಯಾಗೇ ಕಂಡಿದೆ ಕಣೋ," ಅಂದೆ. "ಬರ್ಕೋ, ಸಹಿ ಹಾಕ್ತೀನಿ."